ಕಂಬಕ್ಕೊರಗಿ ಕೂತ ಗೋಲ್‌ಕೀಪರ್

1990ರ ಆಗಸ್ಟ್ 25. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನ. ಹೊಸ ಫುಟ್‌ಬಾಲ್ ಋತುವಿನ ಮೊದಲ ದಿನ. ಊರಿನ ತಂಡವಾದ ಎವರ್ಟನ್, ಲೀಡ್ಸ್ ಯುನೈಟೆಡ್ ಎದುರು ಹಿಂದೆ ಬಿದ್ದಿದೆ. ವಿರಾಮದ ಸೀಟಿ ಊದಿದ ಮೇಲೆ ಆಟಗಾರರು ಒಳಗೆ ಹೋಗಿ ದಣಿವಾರಿಸಿಕೊಂಡು, ಮ್ಯಾನೇಜರ್ ಕೈಲಿ ನಾಲ್ಕು ಮಾತು ಅನ್ನಿಸಿಕೊಂಡು, ಎಲ್ಲರೂ ಒಟ್ಟಿಗೆ ಹೊರಗೆ ಬರುವುದು ಪದ್ಧತಿ. ಆ ದಿನ ಎವರ್ಟನ್ನಿನ ಗೋಲ್‌ಕೀಪರ್ ಮಾತ್ರ ವಿರಾಮ ಮುಗಿಯುವ ಮೊದಲೇ ಒಬ್ಬನೇ ಮೈದಾನಕ್ಕೆ ಬಂದ. ಗೋಲಿನ ಕಂಬಕ್ಕೆ ಬೆನ್ನು ಕೊಟ್ಟು ಹುಲ್ಲಿನ ಮೇಲೆ ಕೂತುಬಿಟ್ಟ. ಕಾಲು ಚಾಚಿ, ಯಾರ ಕಡೆಗೂ ನೋಡದೆ, ಹೊಲದ ಬದುವಿನ ಮೇಲೆ ರೈತ ಕೂತ ಹಾಗೆ.

ಪತ್ರಿಕೆಯವರಿಗೆ ಅಷ್ಟು ಸಾಕಾಯಿತು. ಮ್ಯಾನೇಜರ್ ವಿರುದ್ಧ ಒಬ್ಬನೇ ಹೂಡಿದ ಮುಷ್ಕರ ಎಂದು ಬರೆದರು. ಆತ ಮಾತ್ರ, ತಲೆ ತಣ್ಣಗಾಗಲು ಒಂದಿಷ್ಟು ಏಕಾಂತ ಬೇಕಿತ್ತು, ಅದಕ್ಕೆ ಬಂದು ಕೂತೆ ಎಂದ. ಎವರ್ಟನ್ ಅಂದು 3–2ರಿಂದ ಸೋತಿತು. ಆದರೆ ಆ ಪಂದ್ಯದ ಗೋಲುಗಳನ್ನು ಹೊಡೆದವರು ಯಾರೆಂದು ಕೇಳಿದರೆ ಇವತ್ತು ಹೇಳುವವರು ಕಡಿಮೆ. ಕಂಬಕ್ಕೊರಗಿ ಕೂತವನನ್ನು ಮರೆತವರೂ ಕಡಿಮೆ.

ಆತ ನೆವಿಲ್ ಸೌಥಾಲ್. ವೇಲ್ಸ್ ದೇಶದವನು. ಇಂಗ್ಲೆಂಡಿನ ಪಶ್ಚಿಮದ ಮಗ್ಗುಲಲ್ಲಿರುವ ಈ ಗುಡ್ಡಗಾಡು ನಾಡಿನ ಜನಸಂಖ್ಯೆ ಸುಮಾರು ಮೂವತ್ತು ಲಕ್ಷ, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ತನ್ನದೇ ಭಾಷೆ ಇದೆ, ತನ್ನದೇ ಫುಟ್‌ಬಾಲ್ ತಂಡವಿದೆ. ಅದರ ಉತ್ತರ ಕರಾವಳಿಯ ಲ್ಯಾಂಡಿಡ್ನೊ ಎಂಬಲ್ಲಿ 1958ರ ಸೆಪ್ಟೆಂಬರ್ 16ರಂದು ಸೌಥಾಲ್ ಹುಟ್ಟಿದ. (ಊರಿನ ಹೆಸರನ್ನು ವೇಲ್ಸ್‌ನವರು ಹೇಳುವಾಗ ಮೊದಲಕ್ಷರಕ್ಕೆ ನಾಲಗೆಯ ಪಕ್ಕದಿಂದ ಗಾಳಿ ಊದುತ್ತಾರೆ. ಅದನ್ನು ಬರೆಯಲು ಕನ್ನಡದ ಸುಮಾರು ಐವತ್ತು ಅಕ್ಷರಗಳೂ ಸಾಲವು.) ರಜೆಗೆ ಬರುವ ಜನರನ್ನು ನಂಬಿ ಬದುಕುವ ಕಡಲೂರು ಅದು.

ಶಾಲೆ ಬಿಟ್ಟ ಮೇಲೆ ಹುಡುಗ ಕೈಗೆ ಸಿಕ್ಕ ಕೆಲಸ ಮಾಡಿದ. ಮಾಣಿಯಾಗಿ ತಟ್ಟೆ ಎತ್ತಿದ. ಗಾರೆ ಕೆಲಸದವರ ಹಿಂದೆ ಇಟ್ಟಿಗೆ ಹೊತ್ತ. ಕಸದ ಗಾಡಿಯ ಹಿಂದೆ ಓಡಿ ಮನೆಮನೆಯ ಡಬ್ಬಿ ಖಾಲಿ ಮಾಡಿದ. ಸಂಜೆ ಮತ್ತು ವಾರದ ಕೊನೆಗೆ ಲ್ಯಾಂಡಿಡ್ನೊ, ಕಾನ್ವಿ, ಬ್ಯಾಂಗರ್ ಎಂದು ಸುತ್ತಮುತ್ತಲ ಸಣ್ಣ ತಂಡಗಳಿಗೆ ಗೋಲು ಕಾದ. 2012ರಲ್ಲಿ ತನ್ನ ಆತ್ಮಕಥೆ ಹೊರಬಂದಾಗ ಅದರ ಹೆಸರಿನಲ್ಲೇ ‘ಬಿನ್‌ಮ್ಯಾನ್’ ಎಂದು ಸೇರಿಸಿಕೊಂಡ. ಬಿನ್‌ಮ್ಯಾನ್ ಎಂದರೆ ಕಸ ಎತ್ತುವವನು. ಹಿಂದಿನ ಬಡತನವನ್ನು ಹೇಳಿಕೊಂಡು ಮೆರೆಯುವ ದೊಡ್ಡವರು ಬಹಳ ಮಂದಿ ಇದ್ದಾರೆ. ಈತ ಬರೆದುಕೊಂಡದ್ದು ಆ ಧಾಟಿಯಲ್ಲಲ್ಲ. ಅದೊಂದು ಕೆಲಸ, ಬೆಳಿಗ್ಗೆ ಬೇಗ ಏಳಬೇಕು, ಮಾಡಿದೆ, ಅಷ್ಟೆ.

ಆಗ ಅಲ್ಲಿನ ದೊಡ್ಡ ಕ್ಲಬ್ಬುಗಳು ಹುಡುಗರನ್ನು ಆರಿಸುತ್ತಿದ್ದದ್ದು ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ. ಹದಿನೆಂಟಕ್ಕೆ ಯಾರ ಕಣ್ಣಿಗೂ ಬೀಳದವನ ಕಥೆ ಮುಗಿಯಿತೆಂದೇ ಲೆಕ್ಕ. ಸೌಥಾಲ್ 1979ರಲ್ಲಿ ವಿನ್ಸ್‌ಫರ್ಡ್ ಯುನೈಟೆಡ್ ಎಂಬ ಅರೆಕಾಲಿಕ ತಂಡ ಸೇರಿದ. ಒಂದು ವರ್ಷದ ಮೇಲೆ ಬರಿ ಎಂಬ ಪುಟ್ಟ ಊರಿನ ವೃತ್ತಿಪರ ಕ್ಲಬ್ಬು ಆರು ಸಾವಿರ ಪೌಂಡ್ ಕೊಟ್ಟು ಕರೆಸಿಕೊಂಡಿತು. ಆಗ ಆತನಿಗೆ 21 ವರ್ಷ. ಮರುವರ್ಷವೇ, ಅಂದರೆ 1981ರಲ್ಲಿ, ಎವರ್ಟನ್ ಮ್ಯಾನೇಜರ್ ಹೊವಾರ್ಡ್ ಕೆಂಡಲ್ ಒಂದೂವರೆ ಲಕ್ಷ ಪೌಂಡಿಗೆ ಕೊಂಡರು. ಹನ್ನೆರಡು ತಿಂಗಳಲ್ಲಿ ಬೆಲೆ ಇಪ್ಪತ್ತೈದು ಪಟ್ಟು! ಮನುಷ್ಯ ಇಪ್ಪತ್ತೈದು ಪಟ್ಟು ಬದಲಾದನೇ? ಇಲ್ಲ. ನೋಡುವವರು ಈಗ ನೋಡಿದರು.

ಗೋಲ್‌ಕೀಪರನ ಕೆಲಸವೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ವಿಜ್ಞಾನದ ಮೇಷ್ಟ್ರಿಗೆ ಈ ಚಾಳಿ ಬಿಡದು, ಓದುಗರು ಸಹಿಸಿಕೊಳ್ಳಬೇಕು. ಗೋಲಿನ ಅಗಲ 24 ಅಡಿ, ಎತ್ತರ 8 ಅಡಿ. ಒಟ್ಟು 192 ಚದರಡಿ ಬಾಗಿಲು, ಅದಕ್ಕೆ ಕದ ಒಬ್ಬನೇ ಮನುಷ್ಯ. ಪೆನಾಲ್ಟಿ ಒದೆಯುವ ಜಾಗ ಹನ್ನೊಂದು ಮೀಟರ್ ದೂರ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಒದ್ದರೆ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಗೋಲಿಗೆ ಬರುತ್ತದೆ.

ನಾನು ಒಂಬತ್ತನೆಯ ತರಗತಿಯಲ್ಲಿ ಗುರುತ್ವದ ಪಾಠ ಮಾಡುವಾಗ ಒಂದು ಪ್ರಯೋಗ ಮಾಡಿಸುತ್ತೇನೆ. ಖರ್ಚಿಲ್ಲದ್ದು. ಒಬ್ಬ ಹುಡುಗ ಮೂವತ್ತು ಸೆಂಟಿಮೀಟರಿನ ಸ್ಕೇಲನ್ನು ಮೇಲ್ತುದಿಯಲ್ಲಿ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ಕೆಳತುದಿಯ ಎರಡೂ ಪಕ್ಕ ಬೆರಳು ಬಿಚ್ಚಿ ಕಾಯುತ್ತಾನೆ. ಮೊದಲನೆಯವನು ಹೇಳದೆ ಕೇಳದೆ ಸ್ಕೇಲು ಬಿಡಬೇಕು, ಎರಡನೆಯವನು ಹಿಡಿಯಬೇಕು. ಬಹಳಷ್ಟು ಮಕ್ಕಳ ಕೈಗೆ ಸ್ಕೇಲು ಸಿಗುವುದು ಇಪ್ಪತ್ತು ಸೆಂಟಿಮೀಟರ್ ಆಸುಪಾಸು ಬಿದ್ದ ಮೇಲೆ. ಅಷ್ಟು ಬೀಳಲು ಬೇಕಾದ ಕಾಲ 0.2 ಸೆಕೆಂಡು. ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಮಿದುಳಿನ ಅಪ್ಪಣೆ ಬೆರಳಿಗೆ ಬರಲು ತಗಲುವ ಹೊತ್ತು ಅದು. ತರಗತಿಯ ಅತಿ ಚುರುಕಿನ ಹುಡುಗಿಯೂ ಇದನ್ನು ಒಂದಿಷ್ಟು ಇಳಿಸಿಯಾಳು, ಅರ್ಧಕ್ಕೆ ಇಳಿಸಲಾರಳು.

ಈಗ ಪೆನಾಲ್ಟಿಗೆ ಬನ್ನಿ. 0.4 ಸೆಕೆಂಡಿನಲ್ಲಿ ಅರ್ಧ ನೋಡಿ ತಿಳಿಯುವುದಕ್ಕೇ ಹೋಯಿತು. ಉಳಿದ ಅರ್ಧದಲ್ಲಿ ಹನ್ನೆರಡು ಅಡಿ ಆಚೆಯ ಕಂಬದ ತನಕ ಹಾರಬೇಕು. ಆಗದ ಮಾತು. ಚೆಂಡು ಹೊರಟ ಮೇಲೆ ಹೊರಡುವ ಗೋಲ್‌ಕೀಪರ್ ಯಾವತ್ತೂ ತಡವಾಗಿಯೇ ತಲುಪುತ್ತಾನೆ. ಹಾಗಾದರೆ ತಡೆಯುವವರು ತಡೆಯುವುದು ಹೇಗೆ? ಒದೆಯುವವನ ಊರಿದ ಕಾಲು ಯಾವ ಕಡೆಗೆ ತಿರುಗಿದೆ, ಸೊಂಟ ಎತ್ತ ವಾಲಿದೆ, ಭುಜ ಎಷ್ಟು ಬಾಗಿದೆ ಎಂಬುದನ್ನು ಚೆಂಡಿಗೆ ಪೆಟ್ಟು ಬೀಳುವ ಮೊದಲೇ ಓದಿಕೊಂಡು, ಸಾಗಬೇಕಾದ ಕಡೆಗೆ ಒಂದು ಹೆಜ್ಜೆ ಮುಂಚೆಯೇ ಇಟ್ಟಿರುತ್ತಾರೆ. ನಾವು ಕೂತು ನೋಡುವವರು ಅದನ್ನು ‘ಮಿಂಚಿನ ಪ್ರತಿಕ್ರಿಯೆ’ ಎನ್ನುತ್ತೇವೆ. ಮಿಂಚೂ ಇಲ್ಲ, ಗುಡುಗೂ ಇಲ್ಲ. ಸಾವಿರಾರು ಸಲ ಅದೇ ಒದೆತವನ್ನು ನೋಡಿ ನೋಡಿ ಕಣ್ಣು ಪಳಗಿದ್ದು.

ಸೌಥಾಲ್ ಪಳಗಿದ ರೀತಿ ಜೊತೆಯವರಿಗೆ ತಲೆನೋವಾಗಿತ್ತಂತೆ. ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೂ ಯಾರನ್ನಾದರೂ ನಿಲ್ಲಿಸಿಕೊಂಡು ಒದೆಯಿರಿ, ಇನ್ನೂ ಒದೆಯಿರಿ ಎನ್ನುತ್ತಿದ್ದ. ಅಭ್ಯಾಸದಲ್ಲಿಯೂ ಒಂದು ಚೆಂಡನ್ನು ಸುಮ್ಮನೆ ಒಳಗೆ ಬಿಡುತ್ತಿರಲಿಲ್ಲ. ಹೆಂಡ ಮುಟ್ಟುವವನಲ್ಲ, ಚಹಾ ಸಾಕು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರು ಪಬ್ಬಿನಲ್ಲೇ ಪಂದ್ಯ ಮುಗಿಸುತ್ತಿದ್ದ ಆ ಕಾಲದಲ್ಲಿ ಇದೊಂದು ವಿಚಿತ್ರ. ನೋಡಲು ಸ್ಫುರದ್ರೂಪಿಯೂ ಅಲ್ಲ. ಇಳಿದ ಕಾಲುಚೀಲ, ದೊಗಳೆ ಅಂಗಿ, ಬಾಚದ ತಲೆ, ಮೀಸೆ.

ಏರಿದ್ದು ಸಲೀಸಾಗಿ ಎಂದುಕೊಳ್ಳಬೇಡಿ. 1982ರ ನವೆಂಬರಿನಲ್ಲಿ ಅದೇ ಊರಿನ ಬದ್ಧವೈರಿ ಲಿವರ್‌ಪೂಲ್ ತಂಡ ಗುಡಿಸನ್ ಪಾರ್ಕಿಗೇ ಬಂದು ಎವರ್ಟನ್ನಿಗೆ ಐದು ಗೋಲು ಹೊಡೆಯಿತು. ಎವರ್ಟನ್ ಸೊನ್ನೆ. ಐದರಲ್ಲಿ ನಾಲ್ಕು ಇಯಾನ್ ರಷ್‌ನದು. ಆತನೂ ವೇಲ್ಸ್‌ನವನೇ, ಅದೇ ಉತ್ತರ ಕರಾವಳಿಯ ಕಡೆಯವನೇ! ತವರಿನವರ ಪೆಟ್ಟು ಜೋರು. ಸೌಥಾಲ್‌ನನ್ನು ತಂಡದಿಂದ ಕೈಬಿಟ್ಟು, ಮರುವರ್ಷದ ಆರಂಭದಲ್ಲಿ ನಾಲ್ಕನೆಯ ದರ್ಜೆಯ ಪೋರ್ಟ್ ವೇಲ್ ಎಂಬ ಕ್ಲಬ್ಬಿಗೆ ಎರವಲು ಕಳಿಸಿದರು. ಅಲ್ಲಿ ಆಡಿದ್ದು ಒಂಬತ್ತು ಪಂದ್ಯ. ಇಷ್ಟರಲ್ಲೇ ಸೊರಗಿ ಹೋದವರ ಪಟ್ಟಿ ದೊಡ್ಡದಿದೆ. ಈತ ವಾಪಸು ಬಂದು ತನ್ನ ಜಾಗ ಮತ್ತೆ ಹಿಡಿದ. 1984ರ ಮೇ ತಿಂಗಳಲ್ಲಿ ಎವರ್ಟನ್ ವಾಟ್‌ಫರ್ಡ್ ತಂಡವನ್ನು 2–0ರಿಂದ ಸೋಲಿಸಿ ಎಫ್.ಎ. ಕಪ್ ಗೆದ್ದಾಗ ಗೋಲಿನಲ್ಲಿದ್ದವನು ಇವನೇ.

ಅದರ ಮರುವರ್ಷ ಆತನ ವರ್ಷ. 1985ರ ಏಪ್ರಿಲ್ 3ರಂದು ಲಂಡನ್ನಿನ ಟಾಟನ್‌ಹ್ಯಾಮ್ ವಿರುದ್ಧದ ಪಂದ್ಯ. ಲೀಗ್ ಪ್ರಶಸ್ತಿಗೆ ಎರಡೂ ತಂಡಗಳ ಜಗ್ಗಾಟ. ಎವರ್ಟನ್ 2–1 ಮುಂದೆ, ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ಮಾರ್ಕ್ ಫಾಲ್ಕೊ ತೀರ ಹತ್ತಿರದಿಂದ ತಲೆಯಲ್ಲಿ ಹೊಡೆದ ಚೆಂಡು ಗೋಲೇ ಸರಿ ಎಂದು ಮೈದಾನ ಎದ್ದು ನಿಂತಿದೆ. ಸೌಥಾಲ್ ಗಾಳಿಯಲ್ಲಿ ತಿರುಚಿಕೊಂಡು ಅದನ್ನು ಅಡ್ಡಪಟ್ಟಿಯ ಮೇಲಕ್ಕೆ ತಳ್ಳಿದ. ಆ ತುಣುಕು ಈಗ ಮೊಬೈಲಿನಲ್ಲೇ ನೋಡಸಿಗುತ್ತದೆ. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಗೆಲುವಿಗೆ ಗೋಲು ಹೊಡೆದವರ ಹೆಸರಿರಬಹುದು, ಆ ಋತುವಿನ ಕಥೆ ಹೇಳುವವರು ತಪ್ಪದೆ ಹೇಳುವುದು ಈ ತಡೆಯನ್ನೇ. ಎವರ್ಟನ್ ಎರಡನೆಯ ಸ್ಥಾನದ ಲಿವರ್‌ಪೂಲ್‌ಗಿಂತ ಹದಿಮೂರು ಅಂಕ ಮೇಲೆ ನಿಂತು ಪ್ರಶಸ್ತಿ ಗೆದ್ದಿತು. ಮೇ 15ರಂದು ರಾಟರ್‌ಡ್ಯಾಮಿನಲ್ಲಿ ವಿಯೆನ್ನಾದ ರ‍್ಯಾಪಿಡ್ ತಂಡವನ್ನು 3–1ರಿಂದ ಮಣಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ಪನ್ನೂ ಮನೆಗೆ ತಂದಿತು. ಮೂರೇ ದಿನಕ್ಕೆ ಎಫ್.ಎ. ಕಪ್ ಫೈನಲ್. ದಣಿದ ಕಾಲುಗಳು. ಹೆಚ್ಚುವರಿ ಅವಧಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ನಾರ್ಮನ್ ವೈಟ್‌ಸೈಡ್ ಹೊಡೆದ ಚೆಂಡು ಸೌಥಾಲ್‌ನನ್ನು ಬಳಸಿಕೊಂಡು ಮೂಲೆಗೆ ಸೇರಿತು.

ಆ ವರ್ಷ ಫುಟ್‌ಬಾಲ್ ಬರಹಗಾರರ ಸಂಘ ಸೌಥಾಲ್‌ನನ್ನು ವರ್ಷದ ಆಟಗಾರನೆಂದು ಆರಿಸಿತು. ಅದಕ್ಕೆ ಮುಂಚೆ ಆ ಗೌರವ ಪಡೆದ ಗೋಲ್‌ಕೀಪರುಗಳು ಮೂವರೇ: ಬರ್ಟ್ ಟ್ರೌಟ್‌ಮನ್, ಗಾರ್ಡನ್ ಬ್ಯಾಂಕ್ಸ್, ಪ್ಯಾಟ್ ಜೆನ್ನಿಂಗ್ಸ್.

ಮುಂದೆ ಬಂದದ್ದು ಆಟಕ್ಕೆ ಸಂಬಂಧವಿಲ್ಲದ ಪೆಟ್ಟು. ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ನಡುವಣ ಫೈನಲಿಗೆ ಮುನ್ನ ಗಲಭೆಯಾಗಿ 39 ಜನ ಸತ್ತರು. ಇಂಗ್ಲೆಂಡಿನ ಎಲ್ಲ ಕ್ಲಬ್ಬುಗಳನ್ನೂ ಯುರೋಪಿನ ಪಂದ್ಯಗಳಿಂದ ಹೊರಗಿಟ್ಟರು. 39 ಜೀವಗಳ ಎದುರು ಒಂದು ತಂಡದ ಅವಕಾಶ ಯಾವ ಲೆಕ್ಕ? ನಿಜ. ಆದರೂ ಅತ್ಯುತ್ತಮ ಫಾರ್ಮಿನಲ್ಲಿದ್ದ ಗೋಲ್‌ಕೀಪರ್ ಯುರೋಪಿಯನ್ ಕಪ್ಪಿನ ಒಂದು ಪಂದ್ಯವನ್ನೂ ಆಡಲಿಲ್ಲ ಎಂಬುದೂ ನಿಜ. 1986ರ ಮಾರ್ಚ್ 26ರಂದು ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧ ವೇಲ್ಸ್ ಪರ ಆಡುವಾಗ ಹಾರಿ ಇಳಿದವನ ಪಾದದ ಕೀಲು ತಪ್ಪಿತು. ಅದೊಂದು ಸ್ನೇಹಪಂದ್ಯ! ಆ ಋತುವಿನಲ್ಲಿ ಎವರ್ಟನ್ ಎರಡೇ ಅಂಕಗಳಿಂದ ಲೀಗ್ ಕಳೆದುಕೊಂಡಿತು, ಕಪ್ ಫೈನಲನ್ನೂ ಸೋತಿತು. ಎರಡೂ ಲಿವರ್‌ಪೂಲ್ ಪಾಲು. ಸೌಥಾಲ್ ಏಳು ತಿಂಗಳ ಮೇಲೆ ಮರಳಿದ. 1987ರಲ್ಲಿ ಎವರ್ಟನ್ ಮತ್ತೆ ಲೀಗ್ ಗೆದ್ದಿತು.

ದೇಶದ ಪರವಾಗಿ ಆಡಿದ್ದು 1982ರಿಂದ 1997ರವರೆಗೆ, 92 ಪಂದ್ಯ. ಬಹುಕಾಲ ಅದು ವೇಲ್ಸ್‌ನ ದಾಖಲೆಯಾಗಿತ್ತು. 2018ರಲ್ಲಿ ಕ್ರಿಸ್ ಗಂಟರ್ ಅದನ್ನು ದಾಟಿದ. ಇಷ್ಟು ಆಡಿಯೂ ಸೌಥಾಲ್ ಒಂದು ವಿಶ್ವಕಪ್ಪನ್ನೂ ಕಾಣಲಿಲ್ಲ. ವೇಲ್ಸ್ 1958ರಲ್ಲಿ ಒಮ್ಮೆ ಹೋಗಿತ್ತು. ಅಂದು ಗೋಲಿನಲ್ಲಿದ್ದ ಜ್ಯಾಕ್ ಕೆಲ್ಸಿ, ಹದಿನೇಳರ ಹುಡುಗ ಪೆಲೆ ವಿಶ್ವಕಪ್ಪಿನಲ್ಲಿ ಹೊಡೆದ ಮೊಟ್ಟಮೊದಲ ಗೋಲಿಗೆ ಶರಣಾದವನು. ಅದಾಗಿ ಮುಂದಿನ ವಿಶ್ವಕಪ್ ವೇಲ್ಸ್‌ಗೆ ಸಿಕ್ಕಿದ್ದು 2022ರಲ್ಲಿ. ಮಧ್ಯದ 64 ವರ್ಷಗಳ ಬರಗಾಲದಲ್ಲಿ ಸೌಥಾಲ್ ಗೋಲಿನಲ್ಲಿದ್ದಾಗ ಎರಡು ಸಲ ಮೋಡ ಕವಿದಿತ್ತು.

ಮೊದಲನೆಯದು 1985ರ ಸೆಪ್ಟೆಂಬರ್ 10. ಕಾರ್ಡಿಫ್‌ನಲ್ಲಿ ಸ್ಕಾಟ್ಲೆಂಡ್ ಎದುರು ವೇಲ್ಸ್ ಗೆಲ್ಲಲೇಬೇಕು. ಒಂದು ಗೋಲು ಮುಂದಿದ್ದಾಗ, ಕೊನೆಯ ಹತ್ತು ನಿಮಿಷದಲ್ಲಿ ಸ್ಕಾಟ್ಲೆಂಡಿಗೆ ಪೆನಾಲ್ಟಿ ಸಿಕ್ಕಿತು. ಡೇವಿ ಕೂಪರ್ ಒದ್ದ. ಸೌಥಾಲ್ ಸರಿಯಾದ ಕಡೆಗೇ ಬಿದ್ದ, ಚೆಂಡು ಒಳಗೆ ಹೋಯಿತು. 1–1. ಅದೇ ರಾತ್ರಿ ಮೈದಾನದ ಅಂಚಿನಲ್ಲಿ ಕುಸಿದ ಸ್ಕಾಟ್ಲೆಂಡಿನ ಮ್ಯಾನೇಜರ್ ಜಾಕ್ ಸ್ಟೀನ್ ತೀರಿಕೊಂಡರು. ಮುಂದೆ ಸಾಗಿದವರಿಗೂ ಸಂಭ್ರಮ ಇರಲಿಲ್ಲ.

ಎರಡನೆಯದು 1993ರ ನವೆಂಬರ್ 17, ಮತ್ತೆ ಕಾರ್ಡಿಫ್, ಎದುರಾಳಿ ರುಮೇನಿಯ. ದೂರದಿಂದ ಹ್ಯಾಜಿ ಹೊಡೆದ ಚೆಂಡು ಸೌಥಾಲ್‌ನ ಮೈಕೆಳಗೆ ನುಸುಳಿತು. ಬೇರೆ ದಿನವಾಗಿದ್ದರೆ ಕಣ್ಣುಮುಚ್ಚಿ ಹಿಡಿಯುತ್ತಿದ್ದ ಚೆಂಡು. ವೇಲ್ಸ್ ಸಮ ಮಾಡಿತು, ಪೆನಾಲ್ಟಿಯೂ ದೊರೆಯಿತು, ಪಾಲ್ ಬೋಡಿನ್ ಒದ್ದದ್ದು ಅಡ್ಡಪಟ್ಟಿಗೆ ಬಡಿಯಿತು. ಕೊನೆಗೆ 2–1ರಿಂದ ಸೋಲು. ಪಾಪ, ಜನ ಇವತ್ತಿಗೂ ಆಡಿಕೊಳ್ಳುವುದು ಬೋಡಿನ್‌ನನ್ನೇ. ಫುಟ್‌ಬಾಲಿನಲ್ಲಿ ತಪ್ಪಿನ ಖಾತೆ ಹೀಗೆ ಒಬ್ಬರ ಹೆಸರಿಗೆ ಬರೆದುಬಿಟ್ಟರೆ ಮುಗಿಯಿತು. ಗೋಲು ಹೊಡೆಯುವವನು ಹತ್ತು ಸಲ ತಪ್ಪಿ ಹನ್ನೊಂದನೆಯದು ಹೊಡೆದರೆ ವೀರ. ಕಾಯುವವನು ಹತ್ತು ತಡೆದು ಹನ್ನೊಂದನೆಯದು ಬಿಟ್ಟರೆ? ನಮ್ಮ ಪರೀಕ್ಷೆಗಳಲ್ಲಿಯೂ ಇಷ್ಟು ಕ್ರೂರವಾದ ಮೌಲ್ಯಮಾಪನ ಇಲ್ಲ.

1992ರಲ್ಲಿ ನಿಯಮವೇ ಬದಲಾಯಿತು. ತಮ್ಮವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಎತ್ತುವಂತಿಲ್ಲ ಎಂದಾಯಿತು. ಮೂವತ್ತು ದಾಟಿದ ಕೀಪರುಗಳೆಲ್ಲ ಮತ್ತೆ ಕಾಲಿನ ಅಕ್ಷರಾಭ್ಯಾಸ ಮಾಡಬೇಕಾಯಿತು. ಸೌಥಾಲ್ ಅದನ್ನೂ ಕಲಿತ. 1995ರ ಮೇ 20ರಂದು, 36ರ ವಯಸ್ಸಿನಲ್ಲಿ, ವೆಂಬ್ಲಿಯ ಎಫ್.ಎ. ಕಪ್ ಫೈನಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ನಿಂತ. ಪಾಲ್ ರೈಡೌಟ್ ಹೊಡೆದ ಒಂದೇ ಗೋಲನ್ನು ಎವರ್ಟನ್ ಕೊನೆಯ ತನಕ ಕಾಪಾಡಿಕೊಂಡಿತು. ಪಾಲ್ ಸ್ಕೋಲ್ಸ್ ಹೊಡೆದದ್ದನ್ನು ತಡೆದು, ಮರುಕ್ಷಣವೇ ಮತ್ತೆ ಹೊಡೆದದ್ದನ್ನು ನೆಲದಿಂದಲೇ ತಡೆದ ಆ ಜೋಡಿ ತಡೆ ಫಾಲ್ಕೊ ತಡೆಗಿಂತ ನನಗೆ ಹೆಚ್ಚು ಇಷ್ಟ. ಮೊದಲನೆಯದರಲ್ಲಿ ಹಾರಾಟವಿದೆ, ಇದರಲ್ಲಿ ಬಿದ್ದ ಜಾಗದಿಂದಲೇ ಏಳುವುದಿದೆ. ರಾತ್ರಿ ಗೆದ್ದ ತಂಡದ ಔತಣ. ಸೌಥಾಲ್ ಔತಣಕ್ಕೆ ನಿಲ್ಲದೆ ಕಾರು ಹತ್ತಿ ಮನೆಗೆ ಹೋದ.

ಎವರ್ಟನ್ ಪರ ಸುಮಾರು 750 ಪಂದ್ಯ. ಆ ಕ್ಲಬ್ಬಿನಲ್ಲಿ ಇನ್ನೊಬ್ಬರು ಅಷ್ಟು ಆಡಿಲ್ಲ. 1998ರಲ್ಲಿ ಅಲ್ಲಿಂದ ಹೊರಬಿದ್ದ ಮೇಲೂ ಆಟ ಬಿಡಲಿಲ್ಲ. ಸ್ಟೋಕ್, ಡಾಂಕಾಸ್ಟರ್, ಕೆಳದರ್ಜೆಯ ಟಾರ್ಕಿ. 2000ದ ಮಾರ್ಚಿನಲ್ಲಿ ಬ್ರಾಡ್‌ಫರ್ಡ್ ಸಿಟಿ ಕ್ಲಬ್ಬಿಗೆ ತುರ್ತಾಗಿ ಒಬ್ಬ ಕೀಪರ್ ಬೇಕಾದಾಗ 41 ದಾಟಿದ ಈತ ಪ್ರೀಮಿಯರ್ ಲೀಗಿನಲ್ಲಿ ಮತ್ತೊಮ್ಮೆ ಗೋಲಿನ ಕೆಳಗೆ ನಿಂತ. ಮೈ ತೂಕ ಏರಿತ್ತು, ನಕ್ಕವರೂ ಇದ್ದರು. ಎದುರಾಳಿ ಅದೇ ಲೀಡ್ಸ್. 2–1ರಿಂದ ಸೋಲು.

ಇಲ್ಲಿಗೆ ಕಥೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಆಟ ಬಿಟ್ಟ ಹೆಸರಾಂತರಿಗೆ ಅಲ್ಲಿ ಟಿ.ವಿ. ಸ್ಟುಡಿಯೋ ಇದೆ, ಸೂಟು ಹಾಕಿಕೊಂಡು ಕೂತು ಹುಡುಗರ ತಪ್ಪು ಹೇಳುವುದಕ್ಕೆ ಒಳ್ಳೆಯ ಸಂಬಳವಿದೆ. ಸೌಥಾಲ್ ಹೋದದ್ದು ದಕ್ಷಿಣ ವೇಲ್ಸ್‌ನ ಎಬ್ಬು ವೇಲ್ ಎಂಬ ಊರಿನ ಕಡೆಗೆ. ಕಲ್ಲಿದ್ದಲು ಮತ್ತು ಉಕ್ಕಿನಿಂದ ಬೆಳೆದ ಕಣಿವೆ ಅದು. ಬ್ರಿಟನ್ನಿನ ಉಚಿತ ಆರೋಗ್ಯ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಗೆದ್ದುಬರುತ್ತಿದ್ದ ಕ್ಷೇತ್ರ. ಅಲ್ಲಿನ ಉಕ್ಕಿನ ಕಾರ್ಖಾನೆ 2002ರಲ್ಲಿ ಮುಚ್ಚಿತು. ಕೆಲಸ ಹೋದ ಊರಿನಲ್ಲಿ ಮಕ್ಕಳು ಹೇಗಿರುತ್ತಾರೆಂದು ವಿವರಿಸಬೇಕಾಗಿಲ್ಲ. ಶಾಲೆಗಳು ಇವರನ್ನು ಇಟ್ಟುಕೊಳ್ಳಲಾರೆವು ಎಂದು ಹೊರಗೆ ಹಾಕಿದ ಮಕ್ಕಳಿಗಾಗಿಯೇ ಅಲ್ಲೊಂದು ಕೇಂದ್ರವಿದೆ. ಸೌಥಾಲ್ ಹಲವು ವರ್ಷ ಅಲ್ಲಿ ಆ ಮಕ್ಕಳ ಜೊತೆ ಕೆಲಸ ಮಾಡಿದ. ಕುರ್ಚಿ ಎಸೆಯುವವರು, ಬಾಯಿಗೆ ಬಂದದ್ದು ಬೈಯುವವರು, ಮಾತೇ ಆಡದವರು. ಆತನ ವಾದ ಸರಳ. ರೇಗುವ ಮಗುವಿಗೆ ರೇಗಲು ಮನೆಯಲ್ಲೋ ಬೀದಿಯಲ್ಲೋ ಒಂದು ಕಾರಣ ಇದ್ದೇ ಇರುತ್ತದೆ, ಅದು ತಿಳಿಯುವ ತನಕ ಬೇರೆ ಪಾಠ ಹತ್ತುವುದಿಲ್ಲ.

ಇದನ್ನು ಓದುವಾಗ ನನ್ನ ಕಸುಬಿನವರ ಮಾತು ನೆನಪಾಯಿತು. ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ ನೂರು ತೋರಿಸಬೇಕೆಂದು ಒಂಬತ್ತನೆಯ ತರಗತಿಯಲ್ಲೇ ಹಿಂದುಳಿದವರ ಕೈಗೆ ಟಿ.ಸಿ. ಕೊಟ್ಟು ಸಾಗಹಾಕುವ ಶಾಲೆಗಳಿವೆ. ಸ್ಟಾಫ್‌ರೂಮಿನಲ್ಲಿ ಈ ಬಗ್ಗೆ ನಾನು ಎಷ್ಟೋ ಸಲ ಜಗಳ ಕಾದಿದ್ದೇನೆ. “ನೀವು ಒಬ್ಬನಿಗಾಗಿ ನಲವತ್ತು ಮಂದಿಯನ್ನು ಕೆಡಿಸುತ್ತೀರಿ ಸಾರ್” ಎನ್ನುತ್ತಾರೆ. ಅವರ ಮಾತಿನಲ್ಲಿಯೂ ಹುರುಳಿದೆ. ಒಬ್ಬ ಮೇಷ್ಟ್ರು, ಅರವತ್ತು ಮಕ್ಕಳು, ಮೂವತ್ತೈದು ನಿಮಿಷದ ಪೀರಿಯಡ್ಡು ಎಂದಾಗ ಕುರ್ಚಿ ಎಸೆಯುವವನ ಪಕ್ಕ ಕೂತು ಕಾರಣ ಕೇಳುವುದು ಯಾವಾಗ? ಎಬ್ಬು ವೇಲ್‌ನಂಥ ಕೇಂದ್ರ ನಮ್ಮ ತಾಲ್ಲೂಕಿಗೆ ಒಂದಿದ್ದರೆ ಜಗಳದ ರೂಪವೇ ಬೇರೆಯಾಗುತ್ತಿತ್ತು. ಇಪ್ಪತ್ತೊಂದರವರೆಗೆ ಕಸದ ಗಾಡಿ, ಇಟ್ಟಿಗೆ ಬುಟ್ಟಿ ಎಂದು ಓಡಾಡಿದವನಿಗೆ ಆ ಮಕ್ಕಳ ಮುಖ ಪರಕೀಯ ಎನಿಸಿರಲಾರದು.

ಇನ್ನೂ ಒಂದು ಸಂಗತಿ ಇದೆ. ಆಗ ಟ್ವಿಟರ್ ಎಂಬ ಹೆಸರಿದ್ದ ಜಾಲತಾಣದಲ್ಲಿ ಸೌಥಾಲ್‌ನ ಮಾತು ಕೇಳುವವರು ಲಕ್ಷಗಟ್ಟಲೆ ಸೇರಿದರು. ಹೆಸರಾಂತರು ಇಂಥದ್ದನ್ನು ಬಳಸುವುದು ತಮ್ಮ ಅಂಗಡಿಯ ಬೋರ್ಡಿನಂತೆ. ಈತ ಮಾತ್ರ ತನ್ನ ಖಾತೆಯನ್ನು ಒಂದೊಂದು ಸಂಜೆ ಬೇರೆಯವರಿಗೆ ಬಿಟ್ಟುಕೊಡತೊಡಗಿದ. ಮಾನಸಿಕ ಕಾಯಿಲೆಯಿಂದ ಬಳಲುವವರು, ಮಾದಕ ವಸ್ತುವಿನ ಚಟದಿಂದ ಹೊರಬರಲು ಹೆಣಗುವವರು, ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರು, ಲಿಂಗತ್ವ ಅಲ್ಪಸಂಖ್ಯಾತರು. ಅವರು ತಮ್ಮ ಪಾಡು ತಾವೇ ಹೇಳುತ್ತಿದ್ದರು, ಜನ ಪ್ರಶ್ನೆ ಕೇಳುತ್ತಿದ್ದರು. ಗೋಲುಗಳ ಸುದ್ದಿಗೆಂದು ಬಂದ ಎವರ್ಟನ್ ಅಭಿಮಾನಿಗಳು ಅದನ್ನು ಓದುತ್ತಿದ್ದರು. ಆ ಹೊತ್ತು ಮುಗಿಯುವ ತನಕ ಸೌಥಾಲ್ ಅಲ್ಲಿ ಬಾಯಿ ಹಾಕುತ್ತಿರಲಿಲ್ಲ.